ನಗರದ ಉದ್ಯೋಗಸ್ಥರಿಗೊಂದು ಸ್ವಾಸ್ಥ್ಯಸಾಧನ: ಅನುಬಂಧಚತುಷ್ಟಯದ ದೃಷ್ಟಿಯಿಂದ

ಶಾಸ್ತ್ರಗ್ರಂಥವೊಂದನ್ನು ರಚಿಸಹೊರಡುವವನು ಲೇಖನಿಯನ್ನು ಹಿಡಿಯುವ ಮೊದಲೇ ನಾಲ್ಕು ಸಂಗತಿಗಳನ್ನು ನಿಶ್ಚಯಿಸಿಕೊಳ್ಳತಕ್ಕದ್ದೆಂದು ಹಿಂದಿನವರು ವಿಧಿಸಿರುತ್ತಾರೆ. ಈ ಗ್ರಂಥವು ಯಾರಿಗೋಸ್ಕರ? ಇದರಲ್ಲಿ ಹೇಳತಕ್ಕ ವಸ್ತು ಯಾವುದು? ಆ ವಸ್ತುವಿಗೂ ಗ್ರಂಥಕ್ಕೂ ಇರುವ ನಂಟೇನು? ಓದಿದವನಿಗೆ ಕಟ್ಟಕಡೆಗೆ ಒದಗುವ ಫಲವೇನು? ಇವುಗಳಿಗೆ ಕ್ರಮವಾಗಿ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂದು ಹೆಸರು. ನಾಲ್ಕೂ ಕೂಡಿ ಅನುಬಂಧಚತುಷ್ಟಯವೆನಿಸುತ್ತವೆ. ಇವುಗಳಲ್ಲಿ ಯಾವುದೊಂದು ತಪ್ಪಿದರೂ ಗ್ರಂಥವು ಓದುಗನಿಲ್ಲದ ಓಲೆಗರಿಯ ಕಟ್ಟಾಗಿ ಅಟ್ಟವನ್ನು ಸೇರುತ್ತದೆ. ಈ ವಿಧಿಯು ಓಲೆಗರಿಗೆ ಮಾತ್ರ ಸಲ್ಲತಕ್ಕದ್ದಲ್ಲ. ಮನುಷ್ಯನಿಗೆ ಏನನ್ನಾದರೂ ಕಲಿಸುವೆನೆಂದು ಹೊರಡುವ ಎಲ್ಲ ಸಾಧನಗಳಿಗೂ, ಈಗ ಎಲ್ಲರ ಅಂಗೈಯಲ್ಲಿರುವ ಮೊಬೈಲಿನ ಆ್ಯಪಿಗೂ, ಇದು ಸಲ್ಲುತ್ತದೆ.

ವಚನಾರ್ಥವನ್ನು ನಿರೀಕ್ಷಿಸಿ ಈ ಪುಟವನ್ನು ತೆರೆಯುವ ಸದ್ಭಕ್ತರು ಇದೇನು ವಿಷಯವೆಂದು ಹುಬ್ಬೇರಿಸಬಹುದು. ಆದಕಾರಣ ಕಾರಣವನ್ನು ಅರಿಕೆ ಮಾಡುತ್ತೇನೆ. ನಮ್ಮ ಪಾಠಶಾಲೆಯಲ್ಲಿ ಓದಿ ಈಗ ಬೆಂಗಳೂರಿನಲ್ಲಿ ಗಣಕಯಂತ್ರದ ಉದ್ಯೋಗದಲ್ಲಿರುವ ಕೆಲವು ತರುಣರು, ಬಿಡುವಿಲ್ಲದ ಉದ್ಯೋಗಸ್ಥರ ಸ್ವಾಸ್ಥ್ಯಕ್ಕಾಗಿ ಒಂದು ಆ್ಯಪನ್ನು ಕಟ್ಟಬೇಕೆಂದು ಸಂಕಲ್ಪಿಸಿ, ಅದರ ಕರಡನ್ನು ತಂದು ತೋರಿಸಿ, ಕನ್ನಡದ ಪದಗಳನ್ನು ಒದಗಿಸಿಕೊಡಬೇಕೆಂದು ಕೇಳಿದರು. ಪದಗಳನ್ನು ಹುಡುಕುತ್ತ ಹೋದಂತೆ, ಪದಗಳಿಗಿಂತ ಮೊದಲು ನಿಶ್ಚಯವಾಗಬೇಕಾದುದು ಬಹಳವಿದೆಯೆಂದು ತೋರಿತು. ಮೇಲಾಗಿ, ಈ ಮಾಸಿಕವು ಹೋಗುವ ಮನೆಗಳಲ್ಲಿ ಮಗನೋ ಮಗಳೋ ಸೊಸೆಯೋ ಅಂತಹ ಉದ್ಯೋಗದಲ್ಲಿಲ್ಲದ ಮನೆ ಅಪರೂಪ. ಅವರ ನಿದ್ರೆ ಕೆಟ್ಟಿರುವುದನ್ನೂ, ಹಬ್ಬಕ್ಕೆಂದು ಊರಿಗೆ ಬಂದಾಗಲೂ ಅವರ ಕಣ್ಣು ಆ ಪುಟ್ಟ ಗಾಜಿನ ಮೇಲೆಯೇ ಇರುವುದನ್ನೂ ತಾಯಿತಂದೆಗಳು ಕಾಣುತ್ತಲೇ ಇದ್ದಾರೆ. ಅಂತಹ ಮಕ್ಕಳ ಕೈಗೆ ಅದೇ ಗಾಜಿನಲ್ಲಿಯೇ ಔಷಧವನ್ನು ಇಡಹೊರಟಾಗ ಎಚ್ಚರವು ಇಮ್ಮಡಿಯಾಗಿರಬೇಕಾಗುತ್ತದೆ.

ಮೊದಲು ಶಬ್ದದ ವಿಚಾರ. ಆರೋಗ್ಯವೆಂದರೆ ರೋಗವಿಲ್ಲದಿರುವಿಕೆ. ಸ್ವಾಸ್ಥ್ಯವು ಅದಕ್ಕಿಂತ ವ್ಯಾಪಕವಾದದ್ದು. 'ಸ್ವ' ಎಂದರೆ ತಾನು, 'ಸ್ಥ' ಎಂದರೆ ನೆಲೆನಿಂತವನು. ತನ್ನಲ್ಲಿ ತಾನು ನೆಲೆನಿಂತವನೇ ಸ್ವಸ್ಥ, ಅವನ ಭಾವವೇ ಸ್ವಾಸ್ಥ್ಯ. ಸುಶ್ರುತನೂ ಸ್ವಸ್ಥನ ಲಕ್ಷಣವನ್ನು ಹೇಳುವಾಗ ದೋಷ, ಅಗ್ನಿ, ಧಾತುಗಳ ಸಾಮ್ಯವನ್ನಷ್ಟೇ ಹೇಳಿ ನಿಲ್ಲಿಸದೆ, ಆತ್ಮ, ಇಂದ್ರಿಯ, ಮನಸ್ಸುಗಳ ಪ್ರಸನ್ನತೆಯನ್ನೂ ಅದರಲ್ಲಿ ಸೇರಿಸಿರುತ್ತಾನೆ. ಹೀಗಿರುವಲ್ಲಿ, ಮನುಷ್ಯನನ್ನು ತನ್ನಿಂದ ಹೊರಕ್ಕೆ ಸೆಳೆದು ಯಂತ್ರಕ್ಕೆ ಕಟ್ಟಿಹಾಕುವ ಸ್ವಾಸ್ಥ್ಯಸಾಧನವೆಂಬ ಮಾತು ತರ್ಕಶಾಸ್ತ್ರದವರು ಹೇಳುವ ವದತೋವ್ಯಾಘಾತವೇ ಆಗುತ್ತದೆ. ನುಡಿದ ಮಾತು ತನ್ನನ್ನೇ ಕಡಿದುಕೊಳ್ಳುತ್ತದೆ.

ಇನ್ನು ಅಧಿಕಾರಿ. ಅಧಿಕಾರಿಯೆಂದರೆ ಇಲ್ಲಿ ಕಚೇರಿಯ ಮೇಲಧಿಕಾರಿಯಲ್ಲ, ಉಪದೇಶವನ್ನು ಪಡೆಯಲು ಅರ್ಹನಾದವನು. (ಪ್ರಕೃತ ವಿಷಯದಲ್ಲಿ ಇಬ್ಬರೂ ಒಬ್ಬನೇ ಆಗಿರುವುದುಂಟು.) ಕರಡಿನಲ್ಲಿ 'ಬಿಡುವಿಲ್ಲದ ನಗರವಾಸಿ' ಎಂದು ಬರೆದಿತ್ತು. ಇದು ಲಕ್ಷಣವಾಗಲಾರದು, ಅತಿವ್ಯಾಪ್ತಿಯ ದೋಷ ಬರುತ್ತದೆ. ಹೂ ಮಾರುವವಳಿಗೂ ಬಿಡುವಿಲ್ಲ, ಬಸ್ಸಿನ ಕಂಡಕ್ಟರನಿಗೂ ಬಿಡುವಿಲ್ಲ. ಹಾಗಾದರೆ ಯಾರು? ವೈಟ್‌ಫೀಲ್ಡಿನಲ್ಲಿಯೋ ಎಲೆಕ್ಟ್ರಾನಿಕ್ ಸಿಟಿಯಲ್ಲಿಯೋ ಕುಳಿತು, ಅಮೆರಿಕದವರ ಹಗಲಿಗೆ ತನ್ನ ರಾತ್ರಿಯನ್ನು ಹೊಂದಿಸಿಕೊಂಡು ಮಾತನಾಡಬೇಕಾದವನು. ಹಗಲೆಲ್ಲ ಕುರ್ಚಿಯಲ್ಲಿದ್ದು, ಸಂಜೆ ದಾರಿಯಲ್ಲಿ ಗಂಟೆಗಟ್ಟಲೆ ಕಳೆದು, ಮನೆಗೆ ಬಂದರೆ ಅಡಿಗೆಯೂ ಮಗುವಿನ ಪಾಠವೂ ಕಾದಿರುವವಳು. ಇಂಥವರಲ್ಲಿ ಕಾಲವು ಮಾತ್ರವಲ್ಲ, ಇನ್ನೊಂದು ನಿರ್ಧಾರವನ್ನು ಮಾಡುವ ಶಕ್ತಿಯೂ ಸಂಜೆಯ ಹೊತ್ತಿಗೆ ಉಳಿದಿರುವುದಿಲ್ಲ. ಅವರ ಮುಂದೆ ಮೂವತ್ತು ಪ್ರಶ್ನೆಗಳ ಪತ್ರಿಕೆಯನ್ನು ಹಿಡಿದು, ಬಳಿಕ ನಲವತ್ತು ಬಗೆಯ ಧ್ಯಾನಗಳಲ್ಲಿ ಒಂದನ್ನು ಆರಿಸಿಕೊಳ್ಳೆಂದರೆ ಅವರು ಆರಿಸಿಕೊಳ್ಳುವುದು ನಿದ್ರೆಯನ್ನೂ ಅಲ್ಲ, ಧ್ಯಾನವನ್ನೂ ಅಲ್ಲ, ಮುಚ್ಚಿಬಿಡುವುದನ್ನು.

ಮುಚ್ಚಿಬಿಡುತ್ತಾರೆಂಬುದು ಊಹೆಯಲ್ಲ. ಮನಸ್ಸಿನ ಸ್ವಾಸ್ಥ್ಯಕ್ಕೆ ಸಂಬಂಧಿಸಿದ 93 ಆ್ಯಪುಗಳ ನಿಜವಾದ ಬಳಕೆಯನ್ನು ಅಳೆದು 2019ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವಿದೆ. ಅದರ ಪ್ರಕಾರ, ಇಳಿಸಿಕೊಂಡವರಲ್ಲಿ 15 ದಿನಗಳ ಬಳಿಕವೂ ತೆರೆಯುತ್ತಿದ್ದವರ ಪ್ರಮಾಣದ ಮಧ್ಯಾಂಕ ನೂರಕ್ಕೆ 3.9, 30 ದಿನಗಳ ಬಳಿಕ 3.3. ನೂರು ಜನರ ಪಂಕ್ತಿಯಲ್ಲಿ ತೊಂಬತ್ತಾರು ಮಂದಿ ಎದ್ದುಹೋದರೆ ಅಡಿಗೆಯವನು ಉಣ್ಣುವವರ ರುಚಿಯನ್ನು ದೂರಬಹುದೇ?

ಅಧಿಕಾರಿಯನ್ನು ಸರಿಯಾಗಿ ಕಂಡುಕೊಂಡ ಉದಾಹರಣೆಗಳೂ ಇಲ್ಲದಿಲ್ಲ. ಕೇಂದ್ರ ಸರ್ಕಾರದ ಆಯುಷ್ ಸಚಿವಾಲಯವು ದುಡಿಯುವವರಿಗೆಂದೇ ಐದು ನಿಮಿಷಗಳ ಯೋಗಕ್ರಮವೊಂದನ್ನು ಸಿದ್ಧಪಡಿಸಿ, 2020ರ ಜನವರಿಯಲ್ಲಿ ಬೆಂಗಳೂರೂ ಸೇರಿದಂತೆ ಆರು ಮಹಾನಗರಗಳಲ್ಲಿ ಪ್ರಯೋಗಿಸಿ, 2021ರ ಸೆಪ್ಟೆಂಬರ್ 1ರಂದು 'ವೈ-ಬ್ರೇಕ್' ಎಂಬ ಆ್ಯಪಿನ ರೂಪದಲ್ಲಿ ಹೊರತಂದಿತು. ತಾಡಾಸನ, ಕಟಿಚಕ್ರಾಸನ, ಅರ್ಧಚಕ್ರಾಸನ, ಕೊನೆಗೆ ನಾಡೀಶೋಧನ ಮತ್ತು ಭ್ರಾಮರಿ. ಬಟ್ಟೆ ಬದಲಾಯಿಸಬೇಕಾಗಿಲ್ಲ, ನೆಲದಲ್ಲಿ ಮಲಗಬೇಕಾಗಿಲ್ಲ. ಇದನ್ನು ರಚಿಸಿದವರು ಉದ್ಯೋಗಸ್ಥನನ್ನು ಅವನ ಮೇಜಿನ ಪಕ್ಕದಲ್ಲಿಯೇ ನಿಂತು ನೋಡಿದ್ದಾರೆಂದು ತಿಳಿಯುತ್ತದೆ. ಆದರೆ ಹತ್ತಾರು ಮಂದಿ ಸಾಲಾಗಿ ಕುಳಿತ ಹಜಾರದಲ್ಲಿ ಒಬ್ಬನೇ ದುಂಬಿಯಂತೆ ಗುಂಯ್ಗುಡಲು ಎಷ್ಟು ಮಂದಿಗೆ ಧೈರ್ಯವುಂಟೋ ನಾನರಿಯೆ. ಇನ್ನೊಂದು, 2012ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಪ್ರಾರಂಭವಾದ 'ಕಾಮ್' ಎಂಬುದು. ಧ್ಯಾನಕ್ಕೆಂದು ಕಟ್ಟಿದ ಆ ಆ್ಯಪನ್ನು ಜನರು ಮಲಗುವ ಹೊತ್ತಿನಲ್ಲಿ ಹೆಚ್ಚಾಗಿ ತೆರೆಯುತ್ತಿದ್ದುದನ್ನು ಗಮನಿಸಿ, ಅದರವರು ದೊಡ್ಡವರಿಗಾಗಿ ನಿದ್ರೆಯ ಕಥೆಗಳನ್ನು ಓದಿಸತೊಡಗಿದರು. ಅಜ್ಜಿಯ ಮಗ್ಗುಲಲ್ಲಿ ನಡೆಯುತ್ತಿದ್ದ ಕೆಲಸಕ್ಕೆ ಈಗ ಹಣ ತೆರುವ ಜನರಿದ್ದಾರೆಂದು ನಗುವುದು ಸುಲಭ. ಬಳಸುವವನು ತನ್ನ ನಿಜವಾದ ಬಾಧೆಯನ್ನು ತನಗೆ ಅರಿವಿಲ್ಲದೆಯೇ ತೋರಿಸಿಕೊಟ್ಟದ್ದನ್ನು ಅವರು ಕಂಡರೆಂಬುದು ಇಲ್ಲಿ ಗ್ರಾಹ್ಯವಾದ ಅಂಶ.

ಇದರಿಂದ ಕಟ್ಟುವವರಿಗೆ ದೊರೆಯುವ ವಿಧಿಗಳು ಹಲವು. ತೆರೆದೊಡನೆ ಒಂದೇ ಮುಟ್ಟಿಗೆ ಸಾಧನೆ ಪ್ರಾರಂಭವಾಗಬೇಕು, ಪ್ರಶ್ನೆಗಳು ಆಮೇಲೆ. ರಾತ್ರಿಯ ಹೊತ್ತು ತೆರೆಯು ಕಪ್ಪಾಗಿ, ಧ್ವನಿ ಮಾತ್ರ ಉಳಿಯಬೇಕು. ಮೆಟ್ರೋ ರೈಲು ಸುರಂಗವನ್ನು ಹೊಕ್ಕು ಜಾಲದ ಸಂಪರ್ಕ ಕಡಿದಾಗಲೂ ಧ್ವನಿ ನಡುವೆ ನಿಲ್ಲದಂತೆ ಪಾಠಗಳು ಮೊದಲೇ ಇಳಿದಿರಬೇಕು. ಒಂದು ಕೈ ಬಸ್ಸಿನ ಕಂಬಿಯನ್ನು ಹಿಡಿದಿರುವಾಗ ಇನ್ನೊಂದು ಕೈಯ ಹೆಬ್ಬೆರಳೊಂದರಿಂದಲೇ ಎಲ್ಲವೂ ಆಗುವಂತಿರಬೇಕು.

ಭಾಷೆಯ ವಿಚಾರವೂ ಅಧಿಕಾರಿಯ ವಿಚಾರವೇ. ತರುಣರು ಪೂರಕ, ರೇಚಕ, ಅವಧಾನ, ಅನುಸಂಧಾನ ಮೊದಲಾದ ಶಬ್ದಗಳ ಪಟ್ಟಿಯನ್ನು ನಿರೀಕ್ಷಿಸಿ ಬಂದಿದ್ದರು. ನಾಲ್ಕು ದಶಕಗಳ ಕಾಲ ಈ ಶಬ್ದಗಳ ನಡುವೆಯೇ ಬಾಳಿದವನಿಗೆ ಅವುಗಳ ಮೇಲೆ ಪ್ರೀತಿ ಕಡಮೆಯೇನಲ್ಲ. ಆದರೆ ರಾತ್ರಿ ಹನ್ನೊಂದು ಗಂಟೆಗೆ ನಿದ್ರೆ ಬಾರದೆ ಹೊರಳುತ್ತಿರುವವನ ಕಿವಿಗೆ 'ರೇಚಕವನ್ನು ದೀರ್ಘವಾಗಿ ಆಚರಿಸಿ' ಎಂದರೆ ಅವನು ಅರ್ಥವನ್ನು ಹುಡುಕುತ್ತ ಇನ್ನಷ್ಟು ಎಚ್ಚರಗೊಳ್ಳುತ್ತಾನೆ. 'ಉಸಿರನ್ನು ಮೆಲ್ಲಗೆ ಹೊರಗೆ ಬಿಡಿ' ಎಂದರೆ ಸಾಕು. ಶಾಸ್ತ್ರಶಬ್ದವು ಪಾಠದ ಹಲಗೆಗೆ, ಮನೆಮಾತು ಹಾಸಿಗೆಗೆ. ಇಂಗ್ಲಿಷಿನಲ್ಲಿ ದಿನವಿಡೀ ವ್ಯವಹರಿಸಿ ದಣಿದವನಿಗೆ ತಾಯಿಯ ಭಾಷೆಯ ಧ್ವನಿಯೊಂದು ಕೇಳಿಬರುವುದೇ ಅರ್ಧ ವಿಶ್ರಾಂತಿ. ಆ ಧ್ವನಿ ಧಾರವಾಡದವರದೂ ಇರಲಿ, ಮೈಸೂರಿನವರದೂ ಇರಲಿ, ಕೇಳುವವನು ಆರಿಸಿಕೊಳ್ಳಲಿ. ಈ ಒಂದು ಆಯ್ಕೆಯನ್ನು ಮಾತ್ರ ನಾನು ಧಾರಾಳವಾಗಿ ಒಪ್ಪುತ್ತೇನೆ.

ವಿಷಯದ ಬಗೆಗೆ ಹೆಚ್ಚು ಬೆಳೆಸಬೇಕಾಗಿಲ್ಲ. ಉಸಿರು, ನಿದ್ರೆ, ನಡಿಗೆ, ಇವಿಷ್ಟು ಸಾಕು. ವಿಶ್ರಾಂತಿಯಲ್ಲಿರುವ ವಯಸ್ಕನು ನಿಮಿಷಕ್ಕೆ ಸಾಮಾನ್ಯವಾಗಿ 12ರಿಂದ 20 ಬಾರಿ ಉಸಿರಾಡುತ್ತಾನೆ. ಅದನ್ನು ಆರರ ಸಮೀಪಕ್ಕೆ ಇಳಿಸಿದಾಗ ಹೃದಯದ ಬಡಿತವು ಉಸಿರಿನೊಡನೆ ಏರಿಳಿಯುವ ಲಯವು ಸ್ಫುಟವಾಗುತ್ತದೆ, ದೇಹವು ಶಾಂತವಾಗುತ್ತದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2023ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಂದು ತಿಂಗಳು ದಿನಕ್ಕೆ ಐದೇ ನಿಮಿಷ ಉಸಿರನ್ನು ದೀರ್ಘವಾಗಿ ಹೊರಬಿಡುವ ಅಭ್ಯಾಸ ಮಾಡಿದವರ ಚಿತ್ತಪ್ರಸನ್ನತೆಯು ಅಷ್ಟೇ ಕಾಲ ಧ್ಯಾನ ಮಾಡಿದವರಿಗಿಂತ ಹೆಚ್ಚಾಗಿ ಸುಧಾರಿಸಿತು. ಐದು ನಿಮಿಷವೆಂದರೆ ಅಲಕ್ಷ್ಯ ಮಾಡತಕ್ಕದ್ದಲ್ಲ. ಆದರೆ ಒಂದನ್ನು ಬಿಡಲೇಬೇಕು. ಯೋಗಗ್ರಂಥಗಳಲ್ಲಿ ಪೂರಕ, ಕುಂಭಕ, ರೇಚಕಗಳಿಗೆ ಒಂದು, ನಾಲ್ಕು, ಎರಡು ಎಂಬ ಪ್ರಮಾಣವಿದೆ. ಕರಡಿನಲ್ಲಿಯೂ ಅದನ್ನು ಸೇರಿಸಿದ್ದರು. ಗುರುವು ಎದುರಿಗೆ ಕುಳಿತು ಮುಖವನ್ನು ನೋಡುತ್ತ ಕಲಿಸತಕ್ಕ ಕುಂಭಕವನ್ನು, ರಕ್ತದೊತ್ತಡವಿದೆಯೋ ಗರ್ಭಿಣಿಯೋ ಎಂದು ಕಾಣದ ಯಂತ್ರವು ಕಲಿಸತಕ್ಕದ್ದಲ್ಲ. ಹಠಯೋಗಪ್ರದೀಪಿಕೆಯೇ ಪ್ರಾಣವನ್ನು ಸಿಂಹ, ಆನೆ, ಹುಲಿಗಳಿಗೆ ಹೋಲಿಸಿ, ಮೆಲ್ಲಮೆಲ್ಲನೆ ಪಳಗಿಸದಿದ್ದರೆ ಸಾಧಕನಿಗೇ ಅಪಾಯವೆಂದು ಎಚ್ಚರಿಸಿದೆ.

ಅಂಕೆಗಳ ವಿಚಾರದಲ್ಲಿಯೂ ಎಚ್ಚರ ಬೇಕು. ದಿನಕ್ಕೆ 10,000 ಹೆಜ್ಜೆ ಎಂಬುದನ್ನು ಎಲ್ಲ ಆ್ಯಪುಗಳೂ ಆಪ್ತವಾಕ್ಯದಂತೆ ಹೇಳುತ್ತವೆ. ಇದರ ಮೂಲವು ವೈದ್ಯಶಾಸ್ತ್ರವಲ್ಲ. 1964ರ ಟೋಕಿಯೋ ಒಲಿಂಪಿಕ್ಸ್ ಮುಗಿದ ಮರುವರ್ಷ ಜಪಾನಿನ ಒಂದು ಕಂಪನಿಯು 'ಮಾನ್ಪೋಕೈ', ಎಂದರೆ ಹತ್ತುಸಾವಿರ ಹೆಜ್ಜೆಯ ಮಾಪಕ, ಎಂಬ ಹೆಸರಿನಿಂದ ಮಾರಿದ ಉಪಕರಣವೇ ಅದರ ಮೂಲ. 2019ರಲ್ಲಿ ಹಾರ್ವರ್ಡಿನ ಸಂಶೋಧಕರು ಸುಮಾರು 72 ವರ್ಷ ಸರಾಸರಿ ವಯಸ್ಸಿನ 16,741 ಸ್ತ್ರೀಯರನ್ನು ಪರಿಶೀಲಿಸಿದಾಗ, 4,400 ಹೆಜ್ಜೆ ನಡೆಯುವವರಲ್ಲಿ 2,700 ನಡೆಯುವವರಿಗಿಂತ ಮರಣವು ಕಡಮೆಯಾಗಿತ್ತು. ಸುಮಾರು 7,500ರ ಬಳಿಕ ಹೆಚ್ಚಿನ ಲಾಭ ಕಾಣಲಿಲ್ಲ. ಆರು ಸಾವಿರ ನಡೆದು ಮಲಗುವ ತಾಯಿಗೆ 'ನೀವು ಇಂದು ಸೋತಿರಿ' ಎಂದು ಕೆಂಪು ಅಕ್ಷರದಲ್ಲಿ ಹೇಳುವುದು ಸುಳ್ಳು, ಕ್ರೌರ್ಯವೂ ಹೌದು. ನಿದ್ರೆಯನ್ನು ಅಳೆಯುವ ಗೀಳಿನಿಂದಲೇ ನಿದ್ರೆಗೆಟ್ಟವರನ್ನು ಕಂಡು ಅಮೆರಿಕದ ವೈದ್ಯಸಂಶೋಧಕರು 2017ರಲ್ಲಿ ಆ ಬಾಧೆಗೆ 'ಆರ್ಥೋಸೋಮ್ನಿಯಾ' ಎಂದು ಹೊಸ ಹೆಸರನ್ನೇ ಇಡಬೇಕಾಯಿತು.

ಸಂಬಂಧವೆಂಬುದು ಶಾಸ್ತ್ರದಲ್ಲಿ ಗ್ರಂಥಕ್ಕೂ ವಸ್ತುವಿಗೂ ಇರುವ ಪ್ರತಿಪಾದ್ಯಪ್ರತಿಪಾದಕಭಾವ. ಆ್ಯಪಿನ ವಿಷಯದಲ್ಲಿ ಈ ಅರ್ಥವನ್ನು ಸ್ವಲ್ಪ ವಿಸ್ತರಿಸಿ, ಸಾಧನಕ್ಕೂ ಬಳಸುವವನಿಗೂ ಇರುವ ನಂಟನ್ನು ವಿಚಾರಿಸಬೇಕಾಗುತ್ತದೆ. ಏಕೆಂದರೆ ಓಲೆಗರಿಯು ಓದುಗನನ್ನು ತಿರುಗಿ ಓದುತ್ತಿರಲಿಲ್ಲ, ಇದು ಓದುತ್ತದೆ. ಎಷ್ಟು ಹೊತ್ತಿಗೆ ಮಲಗಿದ, ಯಾವ ರಾತ್ರಿ ಅತ್ತ, ಯಾವ ಔಷಧ ಸೇವಿಸುತ್ತಾನೆ, ಎಲ್ಲವೂ ಅದರ ಕಡತದಲ್ಲಿರುತ್ತವೆ. 2022ರಲ್ಲಿ ಮೊಜಿಲ್ಲಾ ಪ್ರತಿಷ್ಠಾನದವರು ಮನಸ್ಸಿನ ಸ್ವಾಸ್ಥ್ಯ ಮತ್ತು ಪ್ರಾರ್ಥನೆಗಳ 32 ಆ್ಯಪುಗಳನ್ನು ಪರಿಶೀಲಿಸಿ, ಅವುಗಳಲ್ಲಿ 28ಕ್ಕೆ ಗೋಪ್ಯತೆಯ ವಿಷಯದಲ್ಲಿ ಎಚ್ಚರಿಕೆಯ ಗುರುತು ಹಾಕಿದರು. 2023ರಲ್ಲಿ ಅಮೆರಿಕದ ವ್ಯಾಪಾರ ಆಯೋಗವು, ಆಪ್ತಸಲಹೆಗೆಂದು ಬಂದವರ ಮಾಹಿತಿಯನ್ನು ಜಾಹೀರಾತಿಗಾಗಿ ಫೇಸ್‌ಬುಕ್ ಮೊದಲಾದವರಿಗೆ ಕೊಟ್ಟ ಆರೋಪದ ಮೇಲೆ 'ಬೆಟರ್‌ಹೆಲ್ಪ್' ಎಂಬ ಸಂಸ್ಥೆಯಿಂದ 78 ಲಕ್ಷ ಡಾಲರುಗಳನ್ನು ತೆರಿಸಿತು.

ನಮ್ಮ ತರುಣರ ಕರಡಿನಲ್ಲಿದ್ದ ಅತಿ ಕಠಿಣವಾದ ಗಂಟು ಇಲ್ಲಿಯೇ ಇತ್ತು. ಆ್ಯಪನ್ನು ಒಬ್ಬೊಬ್ಬರಿಗೆ ಮಾರುವುದು ಕಷ್ಟ, ಕಂಪನಿಗಳಿಗೆ ಮಾರುವುದು ಸುಲಭ. ಕಂಪನಿಯು ನೌಕರರ ತಲೆಗೆ ಇಷ್ಟೆಂದು ಕೊಡುತ್ತದೆ, ಆದರೆ ಪ್ರತಿತಿಂಗಳೂ ನೌಕರರ ಸ್ವಾಸ್ಥ್ಯದ ವರದಿಯನ್ನು ಕೇಳುತ್ತದೆ. ಹೆಸರಿಲ್ಲದೆ ಕೊಡುವೆವೆಂದು ಒಬ್ಬ ತರುಣನ ವಾದ. ಆರೇ ಮಂದಿಯ ಗುಂಪಿನಲ್ಲಿ 'ಒಬ್ಬರಿಗೆ ನಿದ್ರೆಯಿಲ್ಲ' ಎಂದರೆ ಹೆಸರು ಬೇರೆ ಬೇಕೇ? ಮೇಲಿನವನಿಗೆ ಮರುದಿನವೇ ಮುಖ ತಿಳಿಯುತ್ತದೆ, ಬಡ್ತಿಯ ಹೊತ್ತಿಗೆ ನೆನಪೂ ಬರುತ್ತದೆ. ಕಂಪನಿಗೆ 'ಇಷ್ಟು ಮಂದಿ ಇಳಿಸಿಕೊಂಡಿದ್ದಾರೆ' ಎಂಬ ಒಂದು ಸಂಖ್ಯೆಯ ಹೊರತು ಬೇರೇನನ್ನೂ ಕೊಡಕೂಡದು. ಅದರಿಂದ ವ್ಯಾಪಾರವು ತಪ್ಪಿದರೆ ತಪ್ಪಲಿ ಎಂದು ನಾನು ಹೇಳಿದೆ. ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯಲ್ಲಿ ಒಪ್ಪಿಗೆಯು ಸ್ವತಂತ್ರವಾಗಿ, ನಿರ್ದಿಷ್ಟವಾಗಿ, ತಿಳಿದು ಕೊಟ್ಟದ್ದಾಗಿರಬೇಕೆಂದೂ, ಕೊಟ್ಟಷ್ಟೇ ಸುಲಭವಾಗಿ ಹಿಂದಕ್ಕೆ ಪಡೆಯುವಂತಿರಬೇಕೆಂದೂ, ಕೋರಿಕೆಯನ್ನು ಎಂಟನೆಯ ಅನುಸೂಚಿಯ ಭಾಷೆಗಳಲ್ಲಿ, ಎಂದರೆ ಕನ್ನಡದಲ್ಲಿಯೂ, ಓದಲು ಅವಕಾಶವಿರಬೇಕೆಂದೂ ವಿಧಿಸಿದೆ. ಮೇಲಧಿಕಾರಿಯ ಎದುರಿಗೆ ಕೊಟ್ಟ ಒಪ್ಪಿಗೆಯು ಎಷ್ಟು ಸ್ವತಂತ್ರವೆಂಬುದನ್ನು ವಾಚಕರೇ ಆಲೋಚಿಸಬಹುದು. ಎಲ್ಲಕ್ಕಿಂತ ಒಳ್ಳೆಯ ಉಪಾಯವೆಂದರೆ ಮಾಹಿತಿಯನ್ನು ಅವನ ಮೊಬೈಲಿನಲ್ಲಿಯೇ ಬಿಟ್ಟು, ತಾವು ಪಡೆಯದಿರುವುದು. ಇಲ್ಲದ ಗಂಟನ್ನು ಯಾರೂ ಕದಿಯಲಾರರು.

ಕೊನೆಗೆ ಪ್ರಯೋಜನ. ಉಳಿದ ಮೂರೂ ಇದನ್ನೇ ಅವಲಂಬಿಸಿವೆ. ಇಂತಹ ಆ್ಯಪುಗಳಲ್ಲಿ ಸತತವಾಗಿ ತೆರೆದ ದಿನಗಳ ಸರಪಣಿಯನ್ನು ಎಣಿಸುವ ಪದ್ಧತಿಯುಂಟು. ನಲವತ್ತು ದಿನ ತೆರೆದವನು ನಲವತ್ತೊಂದನೆಯ ದಿನ ಮರೆತರೆ ಲೆಕ್ಕವು ಸೊನ್ನೆಗೆ ಇಳಿಯುತ್ತದೆ.

ಇಲ್ಲಿ ಪೂರ್ವಪಕ್ಷವು ಹೀಗೆ: ಸರಪಣಿಯಿಲ್ಲದಿದ್ದರೆ ಜನರು ಬಿಟ್ಟುಬಿಡುತ್ತಾರೆ; ಮೇಲೆ ಹೇಳಿದ ನೂರಕ್ಕೆ ಮೂರರ ಲೆಕ್ಕವೇ ಇದಕ್ಕೆ ಸಾಕ್ಷಿ; ನಿಯಮವಿಲ್ಲದೆ ಅಭ್ಯಾಸವು ಬೇರೂರದು; ನಿತ್ಯಪೂಜೆಗೂ ನಿಯಮವಿಲ್ಲವೇ? ಈ ಆಕ್ಷೇಪವು ಬಲವಾದದ್ದು, ತಳ್ಳಿಹಾಕತಕ್ಕದ್ದಲ್ಲ. ಆದರೂ ಸಮಾಧಾನವುಂಟು. ನಿತ್ಯನಿಯಮದಲ್ಲಿ ತಪ್ಪಿದ ದಿನವು ಹಿಂದಿನ ದಿನಗಳ ಫಲವನ್ನು ನುಂಗುವುದಿಲ್ಲ. ಸರಪಣಿಯು ನುಂಗುತ್ತದೆ. ಮಗುವಿಗೆ ಜ್ವರ ಬಂದ ರಾತ್ರಿ ಆ್ಯಪನ್ನು ತೆರೆಯದ ತಾಯಿಯು ಯಾವ ವ್ರತವನ್ನು ಕೆಡಿಸಿದಳು? ಇನ್ನು ಸರಪಣಿಗೆ ಹೆದರಿ ತೆರೆಯುವವನು ಉಸಿರನ್ನು ಗಮನಿಸುತ್ತಿರುವುದಿಲ್ಲ, ಅಂಕೆಯನ್ನು ಗಮನಿಸುತ್ತಿರುತ್ತಾನೆ. ಉಳಿದುಕೊಂಡದ್ದು ಬಳಕೆಯೇ ಹೊರತು ಸ್ವಾಸ್ಥ್ಯವಲ್ಲ. ನಾಚಿಕೆಯಾಗುವಂತೆ ಮಾತನಾಡಿ ಹಿಡಿದಿಡುವುದನ್ನೂ, ಸೇರುವುದು ಸುಲಭ, ಬಿಡುವುದು ಕಷ್ಟ ಎಂಬಂತಹ ಚಂದಾದ ಬಲೆಯನ್ನೂ 2023ರ ನವೆಂಬರಿನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ನಿಷಿದ್ಧವಾದ 13 ಕಪಟವಿನ್ಯಾಸಗಳ ಪಟ್ಟಿಯಲ್ಲಿ ಸೇರಿಸಿದೆ.

ಹಾಗಾದರೆ ಹೇಗೆ ಕಟ್ಟಬೇಕು? ಎಂಟು ವಾರಗಳ ಪಾಠಕ್ರಮವಿರಲಿ. ಮೊದಲ ವಾರಗಳಲ್ಲಿ ಧ್ವನಿಯು ಪ್ರತಿ ಉಸಿರನ್ನೂ ಹೇಳಿಕೊಡಲಿ, ಬರಬರುತ್ತ ಮಾತು ಕಡಮೆಯಾಗಲಿ, ಎಂಟನೆಯ ವಾರದಲ್ಲಿ ಪ್ರಾರಂಭದ ಒಂದು ಗಂಟೆಯ ನಾದ, ಮುಕ್ತಾಯದ ಒಂದು ನಾದ, ನಡುವೆ ಮೌನ. ಅಕ್ಷರ ತಿದ್ದಿಸುವ ಉಪಾಧ್ಯಾಯನು ಮೊದಲು ಮಗುವಿನ ಕೈಯನ್ನು ಹಿಡಿದು, ಬಳಿಕ ಬೆರಳನ್ನು ಮುಟ್ಟಿ, ಬಳಿಕ ಬರಿದೇ ನೋಡುತ್ತ ನಿಲ್ಲುವನಲ್ಲವೇ? ನೆನಪಿನ ಸೂಚನೆಯು ದಿನಕ್ಕೊಂದೇ, ಬಳಸುವವನು ತಾನೇ ಗೊತ್ತುಮಾಡಿದ ಹೊತ್ತಿಗೆ. ಮೂರು ದಿನ ಅಲಕ್ಷಿಸಿದರೆ ಸೂಚನೆಯು ತಾನಾಗಿಯೇ ಸುಮ್ಮನಾಗಲಿ. ಪಾಠ ಮುಗಿದವನು ಆ್ಯಪನ್ನು ಅಳಿಸಿದರೆ ಅದನ್ನು ನಷ್ಟದ ಖಾತೆಗೆ ಬರೆಯದಿರಲಿ. ಕಟ್ಟಿದವರ ಹೊಟ್ಟೆಪಾಡು ಏನೆಂದರೆ, ಪಾಠಕ್ಕೊಂದು ನ್ಯಾಯವಾದ ಶುಲ್ಕವನ್ನು ಒಮ್ಮೆ ಪಡೆಯುವುದರಲ್ಲಿ ತಪ್ಪೇನೂ ಇಲ್ಲ. ಉಪಾಧ್ಯಾಯರೂ ಸಂಬಳವನ್ನು ಪಡೆಯುತ್ತಾರೆ.

ಇಷ್ಟು ಮಾಡಿದರೂ ಆ್ಯಪಿನಿಂದ ಆಗದ ಕೆಲಸವೊಂದಿದೆ. ವಾರಕ್ಕೆ 55 ಗಂಟೆಗೂ ಮೇಲೆ ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗಿಂತ, ಪಾರ್ಶ್ವವಾಯುವಿನ ಅಪಾಯವು ನೂರಕ್ಕೆ 35ರಷ್ಟೂ ಹೃದ್ರೋಗದ ಮರಣದ ಅಪಾಯವು ನೂರಕ್ಕೆ 17ರಷ್ಟೂ ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯೂ 2021ರಲ್ಲಿ ಅಂದಾಜು ಮಾಡಿದವು. ಈ ಗಂಟೆಗಳನ್ನು ಕಾಯಕವೆಂಬ ಶಬ್ದದಿಂದ ಸಮರ್ಥಿಸುವವರನ್ನು ನಾನು ಕೇಳಿದ್ದೇನೆ. ಕಾಯವೇ ಉಳಿಯದ ಮೇಲೆ ಕಾಯಕವೆಲ್ಲಿಯದು? 2024ರಲ್ಲಿ ಆಕ್ಸ್‌ಫರ್ಡಿನಿಂದ ಪ್ರಕಟವಾದ ಅಧ್ಯಯನವು ಬ್ರಿಟನ್ನಿನ 233 ಸಂಸ್ಥೆಗಳ 46,336 ನೌಕರರನ್ನು ಪರಿಶೀಲಿಸಿತು. ಆ್ಯಪು, ಧ್ಯಾನದ ತರಗತಿ ಮೊದಲಾದ ವ್ಯಕ್ತಿಗತ ಕಾರ್ಯಕ್ರಮಗಳಲ್ಲಿ ಸೇರಿದವರು ಸೇರದವರಿಗಿಂತ ಹೆಚ್ಚು ಸ್ವಸ್ಥರಾಗಿ ಕಾಣಲಿಲ್ಲ. ಪರರಿಗಾಗಿ ಸೇವೆ ಮಾಡುವ ಅವಕಾಶವನ್ನು ಪಡೆದವರಲ್ಲಿ ಮಾತ್ರ ಸ್ವಲ್ಪ ಒಳಿತು ಕಂಡಿತು. ದಾಸೋಹವೆಂಬ ಶಬ್ದವನ್ನು ಬಲ್ಲ ಮನೆಗಳಿಗೆ ಇದನ್ನು ವಿವರಿಸುವ ಅವಶ್ಯಕತೆಯಿಲ್ಲ. ಕೆಲಸದ ಗಂಟೆಯನ್ನು ಇಳಿಸದೆ ಆ್ಯಪನ್ನು ಹಂಚುವ ಕಂಪನಿಯು, ಸೂರು ಸೋರುವ ಮನೆಯವನಿಗೆ ಕೊಡೆಯನ್ನು ಕೊಟ್ಟಂತೆ. ತರುಣರು ಕಂಪನಿಗೆ ಬರೆದುಕೊಡುವ ಒಪ್ಪಂದದಲ್ಲಿ ಇದನ್ನೂ ಒಂದು ವಾಕ್ಯವಾಗಿ ಸೇರಿಸಬೇಕೆಂದು ಸೂಚಿಸಿದ್ದೇನೆ.

ಇನ್ನು, ಬಳಸುವವನು ದಣಿದವನಲ್ಲ, ಬದುಕೇ ಬೇಡವೆನ್ನುವ ಸ್ಥಿತಿಯಲ್ಲಿರುವವನಾದರೆ, ಉಸಿರಿನ ಪಾಠವು ಅವನಿಗೆ ಸಲ್ಲತಕ್ಕದ್ದಲ್ಲ. ಅವನಿಗೆ ಮನುಷ್ಯನೇ ಬೇಕು. ಕೇಂದ್ರ ಸರ್ಕಾರವು 2022ರ ಅಕ್ಟೋಬರ್ 10ರಂದು ಪ್ರಾರಂಭಿಸಿದ 'ಟೆಲಿ ಮಾನಸ್' ಎಂಬ ದೂರವಾಣಿ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೇ ಕೇಂದ್ರಸ್ಥಾನ. 14416 ಎಂಬ ಸಂಖ್ಯೆಗೆ ಹಗಲಿರುಳೂ ಹಣವಿಲ್ಲದೆ ಕರೆಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು. ಮಕ್ಕಳನ್ನು ದೂರದಲ್ಲಿರಿಸಿಕೊಂಡ ತಾಯಿತಂದೆಗಳೂ ಇದನ್ನು ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಆ್ಯಪಿನಲ್ಲಿ ಈ ಸಂಖ್ಯೆಯು ಒಳಪುಟದ ಮೂಲೆಯಲ್ಲಿ ಅಡಗಿರದೆ, ಮೊದಲ ಪುಟದಲ್ಲಿಯೇ, ಜಾಲದ ಸಂಪರ್ಕವಿಲ್ಲದಿರುವಾಗಲೂ ಕಾಣುವಂತಿರತಕ್ಕದ್ದು. ಅದನ್ನು ಮುಟ್ಟಿದರೆ ಹೆಸರನ್ನಾಗಲಿ ವಯಸ್ಸನ್ನಾಗಲಿ ಕೇಳದೆ ನೇರವಾಗಿ ಕರೆ ಹೋಗತಕ್ಕದ್ದು.